ತೊಟ್ಟಿಲ ಪಟ್ಟಿಯ ಮೇಲಿನ ಹಲ್ಲು

ಕಾಶಪ್ಪ ನನಗೆ ಎರಡು ಕಡೆಯಿಂದ ಮಾವ. ನಮ್ಮವ್ವನ ಅಣ್ಣ, ನನ್ನ ಗಂಡನ ಅಪ್ಪ. ಹಾಗಾಗಿ ಆತನನ್ನು ಬೈಯುವ ಹಕ್ಕೂ ನನಗೆ ಎರಡು ಪಟ್ಟು ಇತ್ತು, ಅದನ್ನು ನಾನು ಎಂದೂ ಸುಮ್ಮನೆ ಮೂಲೆಗಿಟ್ಟವಳಲ್ಲ. ಈಗ ಆತ ಇಲ್ಲ. ಇದ್ದಿದ್ದರೆ ಈ ಕಥೆಗೆ ಅಡ್ಡ ಬರುತ್ತಿದ್ದ ಎಂದುಕೊಳ್ಳಬೇಡಿ. ಹೇಳು ಬಸ್ಸಮ್ಮ, ಒಂದನ್ನೂ ಬಿಡದೆ ಹೇಳು ಎಂದು ತಾನೇ ಗಂಟು ಬೀಳುತ್ತಿದ್ದ. ಅಂಥ ಮನುಷ್ಯ.

ನಮ್ಮದು ಚಿತ್ತಾಪುರದಲ್ಲಿ ಬಡಿಗೇರ ಮನೆ. ಆದರೆ ಮಾವ ಬಾಚಿ ಹಿಡಿದದ್ದಕ್ಕಿಂತ ಬಣ್ಣದ ಕುಂಚ ಹಿಡಿದದ್ದೇ ಹೆಚ್ಚು. ಹೊಸ ಕಟ್ಟಿಗೆಯನ್ನು ಹಳತು ಮಾಡುವುದರಲ್ಲಿ ಆತ ಎತ್ತಿದ ಕೈ. ಹಳೆಯದನ್ನು ಹೊಸದು ಮಾಡುವವರು ಓಣಿಗೊಬ್ಬರು ಸಿಗುತ್ತಾರೆ. ಹೊಸದನ್ನು ಹಳತು ಮಾಡುವ ಹುಚ್ಚು ಯಾರಿಗಿರುತ್ತದೆ? ನಿಜಾಮನ ಕಾಲದಲ್ಲಿ ಅಂಥ ಹುಚ್ಚಿಗೂ ಗಿರಾಕಿಗಳಿದ್ದರು. ಜಾಗೀರದಾರರ ಹವೇಲಿಯಲ್ಲಿ ಒಂದು ಬಾಗಿಲು ಗೆದ್ದಲು ಹಿಡಿದರೆ ಅದರ ಜೋಡಿಗೆ ಹೊಂದುವ ಬಾಗಿಲು ಬೇಕು. ದರ್ಗಾದ ಹಳೆಯ ಪಲ್ಲಕ್ಕಿಯ ಕಾಲು ಮುರಿದರೆ ಉಳಿದ ಮೂರರಂಥದೇ ನಾಲ್ಕನೆಯದು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣತಮ್ಮಂದಿರು ಪಾಲಾಗುವಾಗ ಮಾವನಿಗೆ ಕೈತುಂಬ ಕೆಲಸ.

ಕೊಡ್ಲಿಯಲ್ಲಿ ಒಂದು ದೊಡ್ಡ ಮನೆತನ. ಹೊಲ, ಎತ್ತು, ಬಾವಿ ಎಲ್ಲ ಹಂಚಿಕೊಂಡ ಅಣ್ಣತಮ್ಮಂದಿರಿಬ್ಬರು ಅಜ್ಜ ಕೂಡುತ್ತಿದ್ದ ಒಂದು ಮಣೆಯ ಮೇಲೆ ಜಗಳಕ್ಕೆ ನಿಂತರು. ಅದರ ಮೇಲೆ ಕೂತವನೇ ಮನೆಯ ಹಿರಿಯ ಎಂಬ ಲೆಕ್ಕ. ಪಂಚರು ಮಾವನನ್ನು ಕರೆಸಿ ಅಂಥದೇ ಇನ್ನೊಂದು ಮಾಡಿಸಿದರು. ಮಾವ ಎರಡನ್ನೂ ಕಟ್ಟೆಯ ಮೇಲಿಟ್ಟ. ಯಾವುದು ಅಜ್ಜನದು ಎಂದು ಇಬ್ಬರಿಗೂ ತಿಳಿಯಲಿಲ್ಲ, ಪಂಚರಿಗೂ ತಿಳಿಯಲಿಲ್ಲ. ಕೊನೆಗೆ ಮಾವನನ್ನೇ ಕೇಳಿದರೆ ಎರಡೂ ನಿಮ್ಮಜ್ಜನವೇ ಎಂದು ಎದ್ದು ಬಂದುಬಿಟ್ಟನಂತೆ. ಈ ಕಥೆಯನ್ನು ಆತ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಆಗ ನಾನೂ ನಗುತ್ತಿದ್ದೆ.

ಆತ ಮಾಡುವ ರೀತಿ ಹೀಗೆ. ಚಿಂಚೋಳಿ ಅಡವಿಯ ಅಳಲೆಕಾಯಿ ಜಜ್ಜಿ ನೆನೆಹಾಕುವುದು. ಇನ್ನೊಂದು ಗಡಿಗೆಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹುಳಿ ಮಜ್ಜಿಗೆಯಲ್ಲಿ ಮುಳುಗಿಸುವುದು. ಮೊದಲು ಅದನ್ನು ಸವರಿ ಮೇಲೆ ಇದನ್ನು ಸವರಿದರೆ ನಿನ್ನೆ ಕೊಯ್ದ ಹಲಗೆ ಅಜ್ಜನ ಕಾಲದ್ದರಂತೆ ಕಪ್ಪಾಗುತ್ತದೆ. ಅದರ ಮೇಲೆ ಕೆಮ್ಮಣ್ಣು, ಅಂಚುಗಳಿಗೆ ಜೇನುಮೇಣ, ಮೇಲೆ ಹಸಿರು ಬಣ್ಣ. ಆಮೇಲೆ ಕಲ್ಲಿನ ಚೂರಿನಿಂದ ಉಜ್ಜಿದರೆ ಮೇಣ ಇದ್ದಲ್ಲಿ ಹಸಿರು ಕಿತ್ತು ಕೆಂಪು ಕಾಣುತ್ತದೆ. ಜಾಲಿಯ ಗೋಂದು ಹಚ್ಚಿದಲ್ಲಿ ಬಣ್ಣ ಸಣ್ಣಗೆ ಬಿರುಕು ಬಿಡುತ್ತದೆ. ಕೊನೆಗೆ ಅಗಸೆ ಎಣ್ಣೆಯಲ್ಲಿ ಒಲೆಯ ಕಾಡಿಗೆ ಕಲಸಿ ಒರೆಸುವುದು. ಮನೆಯೆಲ್ಲ ಹುಳಿ ನಾತ. ನನ್ನ ಮಜ್ಜಿಗೆ ಗಡಿಗೆಗೆ ಮೊಳೆ ಹಾಕಿದ್ದಕ್ಕೆ ನಾನು ಆತನ ಮೇಲೆ ಹಾರಾಡಿದ್ದು ಒಂದೆರಡು ಸಲವಲ್ಲ.

ಆದರೆ ಆತನ ಕಸುಬಿನ ಜೀವ ಈ ಗಡಿಗೆಗಳಲ್ಲಿ ಇರಲಿಲ್ಲ. ಕೆಲಸ ಹಿಡಿಯುವ ಮೊದಲು ಆ ಮನೆಗೆ ಹೋಗಿ ಸುಮ್ಮನೆ ಕೂಡುತ್ತಿದ್ದ. ಅಲ್ಲಿಯ ಮುದುಕ ಏಳುವಾಗ ಯಾವ ಕೈ ಊರುತ್ತಾನೆ, ಸೊಸೆ ಬಾಗಿಲು ತೆರೆಯುವಾಗ ಎಲ್ಲಿ ಹಿಡಿಯುತ್ತಾಳೆ, ಮಕ್ಕಳು ಎಲ್ಲಿ ಒದೆಯುತ್ತಾರೆ ಎಂದು ನೋಡುತ್ತಿದ್ದ. ಕೈ ಬಿದ್ದಲ್ಲಿ ಮಾತ್ರ ಬಣ್ಣ ಸವೆಯಬೇಕು, ಬೇರೆಲ್ಲಿ ಸವೆದರೂ ಅದು ಸುಳ್ಳು ಎನ್ನುತ್ತಿದ್ದ. ಇಷ್ಟು ತಿಳಿದ ಮನುಷ್ಯನೇ ಹಾಗೆ ಮಾಡಿದ ಎಂಬುದು ನನಗೆ ಇಂದಿಗೂ ಸಿಟ್ಟು.

ನಮ್ಮ ಹಿತ್ತಲ ಹಿಂದೆಯೇ ಗುರುಲಿಂಗಮ್ಮನ ಮನೆ. ಗಂಡ ಅಂಬಾರಾಯ ತೊಗರಿ ವ್ಯಾಪಾರ ಮಾಡುವವನು, ಮನೆಯಲ್ಲಿದ್ದದ್ದಕ್ಕಿಂತ ವಾಡಿಯ ಸ್ಟೇಶನ್ನಿನಲ್ಲಿ ಇದ್ದದ್ದೇ ಹೆಚ್ಚು. ಆ ಮನೆಯಲ್ಲಿ ತಲೆಮಾರುಗಳಿಂದ ಬಂದ ಒಂದು ಬಣ್ಣದ ತೊಟ್ಟಿಲು ಇತ್ತು. ಅವರಲ್ಲಿ ಒಂದು ಪದ್ಧತಿ. ಕೂಸಿಗೆ ಹಲ್ಲು ಬರುವಾಗ ಅದು ತೊಟ್ಟಿಲ ಮೇಲಿನ ಪಟ್ಟಿ ಹಿಡಿದು ನಿಂತು ಕಡಿಯುತ್ತದಲ್ಲ, ಹಾಗೆ ಮೊದಲ ಗುರುತು ಬಿದ್ದ ದಿನ ಓಣಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಮನೆಯ ಹಿರಿಯಳು ಆ ಗುರುತಿಗೆ ಅರಿಷಿಣ ತುಂಬಿ ಕೂಸಿನ ಹೆಸರು ಹೇಳುತ್ತಿದ್ದಳು. ಇದು ಅಂಬಾರಾಯನ ಹಲ್ಲು, ಇದು ಅವನ ಅಕ್ಕನದು, ಇದು ಮಗಳು ಭಾಗಮ್ಮನದು ಎಂದು ಗುರುಲಿಂಗಮ್ಮ ಬೆರಳಿಟ್ಟು ತೋರಿಸುತ್ತಿದ್ದಳು.

ಕೊನೆಯ ಗುರುತು ಚೆನ್ನಬಸನದು. ಭಾಗಮ್ಮನ ತಮ್ಮ. ಮೇಲೆ ಎರಡು, ಕೆಳಗೆ ಎರಡು ಹಲ್ಲು ಬಂದಿದ್ದವು, ಗೋಡೆ ಹಿಡಿದು ನಡೆಯುತ್ತಿದ್ದ, ಜ್ವರ ಬಂದು ಹೋಗಿಬಿಟ್ಟ. ಆಗ ನಮ್ಮಂಥವರಲ್ಲಿ ಫೋಟೋ ಎಲ್ಲಿಯದು? ಅಂಗಿ, ಟೊಪ್ಪಿಗೆಗಳನ್ನೂ ಕೂಸಿನ ಜೊತೆಗೇ ಮಣ್ಣಿಗೆ ಹಾಕಿದ್ದರು. ಉಳಿದದ್ದು ಆ ಪಟ್ಟಿಯ ಮೇಲಿನ ನಾಲ್ಕು ಹಲ್ಲಿನ ಕಚ್ಚು. ಗುರುಲಿಂಗಮ್ಮ ದಿನಾ ಬೆಳಿಗ್ಗೆ ಮೈ ತೊಳೆದುಕೊಂಡು ಬಂದು ಅದರಲ್ಲಿ ಹೆಬ್ಬೆರಳಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು. ಅಮಾಸೆಗೆ ಅದರ ಮುಂದೆ ಎಲೆಯಲ್ಲಿ ಎಡೆ ಇಡುತ್ತಿದ್ದಳು. ಅಳುತ್ತಿರಲಿಲ್ಲ. ಕೂಸು ಸತ್ತಾಗಲೂ ಆಕೆ ಬಾಯಿಬಿಟ್ಟು ಅತ್ತದ್ದು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಹೋಗಿಲ್ಲ ಬಿಡ್ರಿ, ಇಲ್ಲೇ ಅದಾನ ಎನ್ನುತ್ತಿದ್ದಳು.

ಭಾಗಮ್ಮನನ್ನು ಸೇಡಂಗೆ ಕೊಟ್ಟಿದ್ದರು. ಆಕೆ ಮೊದಲ ಹೆರಿಗೆಗೆ ತವರಿಗೆ ಬಂದಳು. ತೊಟ್ಟಿಲಿನ ಒಂದು ಕಾಲು ಸಡಿಲಾಗಿತ್ತು, ಬಣ್ಣ ಹಕ್ಕಳೆ ಎದ್ದು ಉದುರುತ್ತಿತ್ತು. ಗುರುಲಿಂಗಮ್ಮ ಅದನ್ನು ಮಾವನ ಕೈಗೆ ಒಪ್ಪಿಸಿದಳು. ಒಪ್ಪಿಸುವಾಗ ಪಟ್ಟಿಯ ಮೇಲಿಂದ ಕೈ ತೆಗೆಯಲಿಲ್ಲ. ಇದೊಂದನ್ನು ಹಾಗೇ ಬಿಟ್ಟು ಉಳಿದದ್ದಕ್ಕೆ ಬಣ್ಣ ಮಾಡಿ ಎಂದು ಕೇಳಿಕೊಂಡಳು. ಮಾವನಿಗೆ ಅದು ಸೇರಲಿಲ್ಲ. ಎಲ್ಲ ಕಡೆ ಬಣ್ಣ ಹೊಂದಿ ಒಂದು ಪಟ್ಟಿ ಮಾತ್ರ ಹಕ್ಕಳೆಯಾಗಿ ಉಳಿದರೆ ನೋಡಿದವರು ಕಾಶಪ್ಪನ ಕೈ ಕೆಟ್ಟಿತು ಎನ್ನುವುದಿಲ್ಲವೇ? ಹಮ್ಮು ನೋಡಿ!

"ತಂಗಿ, ಗುರ್ತು ಕಟ್ಟಿಗ್ಯಾಗ ಅದ," ಎಂದ ಮಾವ. "ಬಣ್ಣ ಹೋಗ್ತದ, ಗುರ್ತು ಎಲ್ಲಿ ಹೋಗ್ತದ? ನನ್ನ ಮ್ಯಾಲ ಬಿಡು."

ಆಕೆ ಕೈ ತೆಗೆದಳು.

ಅಗಸರು ಬಟ್ಟೆಗೆ ಹಾಕುವ ಸವಳು ಮಣ್ಣಿನ ನೀರನ್ನು ಕಾಯಿಸಿ ಹಳೆಯ ಬಣ್ಣ ಕೀಳುವುದು ಮಾವನ ರೂಢಿ. ಪಟ್ಟಿಯನ್ನು ಬಿಚ್ಚಿ ಅದರಲ್ಲಿ ನೆನೆಹಾಕಿದ. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ತೆಂಗಿನ ನಾರಿನಿಂದ ಉಜ್ಜುವ ಸಪ್ಪಳ ಕೇಳುತ್ತಿತ್ತು, ಹಠಾತ್ತನೆ ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಹೋಗಿ ನೋಡಿದರೆ ಮಾವ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪದರು ಪದರಾಗಿ ಬಣ್ಣ ಕಿತ್ತು ಬಂದು ಕಾಲ ಬಳಿ ಕೆಸರಾಗಿ ಬಿದ್ದಿತ್ತು. ಪಟ್ಟಿ ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

ಅದು ಹಳೆಯ ಸಾಗವಾನಿ. ಕೂಸಿನ ಹಾಲುಹಲ್ಲು ಅದಕ್ಕೆಲ್ಲಿ ನಾಟಬೇಕು? ತಲೆಮಾರಿಗೊಮ್ಮೆ ಬಳಿದ ಬಣ್ಣ ಸುಣ್ಣ ಸೇರಿ ಗೋಧಿ ರೊಟ್ಟಿಯಷ್ಟು ದಪ್ಪ ಆಗಿತ್ತು. ಹಲ್ಲು ಬಿದ್ದದ್ದೆಲ್ಲ ಅದರಲ್ಲಿ. ಜೀವಮಾನವೆಲ್ಲ ಬಣ್ಣದಲ್ಲೇ ಕೈ ಆಡಿಸಿದವನು, ಬಣ್ಣ ಎಷ್ಟು ದಪ್ಪ ಕೂತಿದೆ ಎಂದು ಉಗುರಿನಿಂದ ಒಮ್ಮೆ ಕೆರೆದು ನೋಡಬಾರದಿತ್ತೇ? ನೋಡಲಿಲ್ಲ. ಆ ಕೆಸರನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ನೋಡಿದ. ಅದರಲ್ಲಿ ಏನು ಸಿಗುತ್ತದೆ, ಮಣ್ಣು!

ಆಗಲೇ ಹೋಗಿ ಕಾಲು ಹಿಡಿ ಎಂದೆ ನಾನು. ಹೋಗುತ್ತೇನೆ ಎಂದು ಎದ್ದ, ಹಿತ್ತಲ ಬಾಗಿಲವರೆಗೆ ಹೋದ, ತಿರುಗಿ ಬಂದ. ಆಚೆ ಭಾಗಮ್ಮ ತುಂಬಿದ ಬಸುರಿ ಅಂಗಳದಲ್ಲಿ ಕೂತಿದ್ದಾಳೆ, ತಾಯಿ ಆಕೆಯ ತಲೆ ಬಾಚುತ್ತಿದ್ದಾಳೆ ಎಂದ. ಈಗ ಈ ಮಾತು ಹೇಗೆ ಹೇಳಲಿ ಎಂದ. ಆ ಹೊತ್ತಿಗೆ ನನಗೂ ಅದು ಖರೆ ಎನ್ನಿಸಿತು. ಅದರ ಮರುದಿನ ಆತ ಹುಣಸೆ ಬೀಜ ಬೇಯಿಸತೊಡಗಿದ್ದನ್ನು ನೋಡಿದಾಗ ಬೇರೆ ಯಾವುದೋ ಕೆಲಸಕ್ಕಿರಬೇಕು ಎಂದುಕೊಂಡೆ.

ನನ್ನ ಗಂಡ ದೇವಿಂದ್ರಪ್ಪ ಆಗ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮಗ ಅಮೃತ ಇನ್ನೂ ಅಂಬೆಗಾಲಿನವನು, ಆಗಷ್ಟೇ ಹಲ್ಲು ಬಂದಿದ್ದವು. ಕೂಸನ್ನು ಮಾವನ ಹತ್ತಿರ ಬಿಟ್ಟು ನಾನು ಬಾವಿಗೆ ಬಟ್ಟೆ ಒಗೆಯಲು ಹೋಗಿದ್ದೆ. ತಿರುಗಿ ಬಂದು ನೋಡುತ್ತೇನೆ, ಮಾವ ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ತೊಟ್ಟಿಲ ಪಟ್ಟಿಯನ್ನು ಅವನ ಬಾಯಿಗೆ ಹಿಡಿದಿದ್ದಾನೆ. ಪಟ್ಟಿಯ ಮೇಲೆ ಹುಣಸೆ ಬೀಜದ ಗಂಜಿ, ಸೀಮೆಸುಣ್ಣದ ಪುಡಿ ಕಲಸಿ ದಪ್ಪಗೆ ಮೆತ್ತಿ, ಅರೆ ಒಣಗಿಸಿ, ಬೆಲ್ಲ ಸವರಿದ್ದ. ನನ್ನ ಕೂಸು ಬೆಲ್ಲದ ಆಸೆಗೆ ಕಚಕ್ಕನೆ ಕಡಿಯುತ್ತಿತ್ತು, ನಗುತ್ತಿತ್ತು. ಮಾವ ಪಟ್ಟಿಯನ್ನು ಒಂದಿಷ್ಟು ಸರಿಸಿ, ಓರೆ ಮಾಡಿ, ಮತ್ತೆ ಬಾಯಿಗೆ ಕೊಡುತ್ತಿದ್ದ. ಒಂದೇ ಕೂಸಿನ ಬಾಯಿಂದ ಇಡೀ ಮನೆತನದ ಹಲ್ಲು ಮೂಡಿಸುತ್ತಿದ್ದ.

ಕೂಸನ್ನು ಕಸಿದುಕೊಂಡೆ. ಬಾಯೊಳಗೆ ಬೆರಳು ಹಾಕಿ ಇದ್ದದ್ದೆಲ್ಲ ತೆಗೆದೆ. ಬಾಯಿಗೆ ಬಂದಂತೆ ಬೈದೆ. ಬಣ್ಣ ವಿಷವಲ್ಲವೇ ಎಂದರೆ, ಇಲ್ಲ, ಆ ಹಳದಿ ಕಲ್ಲಿನ ಹರದಾಳ ಹಾಕಿಲ್ಲ, ಎಲ್ಲ ತಿನ್ನುವಂಥದೇ ಎಂದ. ನನ್ನ ಸಿಟ್ಟು ಆ ವಿಷದ್ದಲ್ಲ ಎಂಬುದು ಆತನಿಗೂ ಗೊತ್ತಿತ್ತು.

"ಜೀವಂತ ಕೂಸಿನ ಹಲ್ಲು ಸತ್ತ ಕೂಸಿನ ಜಾಗದಾಗ ಇಟ್ಟಿ," ಎಂದೆ. "ನಾಳಿ ಅಮಾಸಿಗಿ ಆಕಿ ಎಡಿ ಯಾರಿಗಿ ಇಡ್ತಾಳ, ಮಾವಾ? ನನ್ನ ಮಗಗ ಇಡ್ತಾಳ."

ಮಾವ ಪಟ್ಟಿಯನ್ನು ಕೆಳಗಿಟ್ಟ. ಭಾಗಮ್ಮ ಹಡೆಯಲಿ, ತೊಟ್ಟಿಲ ಶಾಸ್ತ್ರ ಮುಗಿಯಲಿ, ಆಮೇಲೆ ನಾನೇ ಹೋಗಿ ಎಲ್ಲ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ನನ್ನ ಮುಂದೆ ಕೈ ಜೋಡಿಸಿದ. ಹೆತ್ತಮ್ಮನ ಅಣ್ಣ, ನೆರೆತ ತಲೆ, ಕೈ ಜೋಡಿಸಿ ನಿಂತರೆ ಏನು ಮಾಡುವುದು? ಆಯ್ತು ಎಂದೆ.

ತೊಟ್ಟಿಲು ತಯಾರಾಯಿತು. ಹಾಳಾದ ಕೈ, ಎಂಥ ಕೆಲಸ ಮಾಡಿತ್ತು! ಕೆಂಪಿನ ಮೇಲೆ ಹಸಿರು, ಹಸಿರಿನ ಮೇಲೆ ಮಾಸಿದ ಹಳದಿ ಬಳ್ಳಿ. ತೂಗುವ ಕೈ ತಾಕುವಲ್ಲಿ ಬಣ್ಣ ಸವೆದು ಮಿರುಗುತ್ತಿತ್ತು. ಹಲ್ಲಿನ ಕಚ್ಚುಗಳಲ್ಲಿ ವರ್ಷಗಟ್ಟಲೆ ತುಂಬಿದ ಅರಿಷಿಣ ಕಪ್ಪಾದಂತೆ ಕಪ್ಪಾಗಿತ್ತು. ನಾನೇ ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ.

ನಾವಿಬ್ಬರೂ ಹೊತ್ತುಕೊಂಡು ಹೋಗಿ ಅವರ ಪಡಸಾಲೆಯಲ್ಲಿ ಇಟ್ಟೆವು. ಗುರುಲಿಂಗಮ್ಮ ಬಣ್ಣ ನೋಡಲಿಲ್ಲ, ಬಳ್ಳಿ ನೋಡಲಿಲ್ಲ. ಸೀದಾ ಬಂದು ಚೆನ್ನಬಸನ ಜಾಗದಲ್ಲಿ ಹೆಬ್ಬೆರಳಿಟ್ಟಳು. ಕಣ್ಣು ಮುಚ್ಚಿದಳು. ಗೊತ್ತಾಗಲಿ ದೇವರೇ, ಈಗಲೇ ಗೊತ್ತಾಗಿ ಮುಗಿದುಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆಕೆ ಕಣ್ಣು ತೆರೆದಾಗ ಮುಖ ಅರಳಿತ್ತು.

"ಕಾಶಪ್ಪಣ್ಣ," ಎಂದಳು, "ನನ್ನ ಕೂಸಿಗಿ ನೋವಾಗದಂಗ ಬಣ್ಣ ಹಚ್ಚೀರಿ ನೋಡ್ರಿ."

ಅಂದು ನಮಗೆ ಹೋಳಿಗೆ ಊಟ. ಮಾವ ತಟ್ಟೆಯ ಮುಂದೆ ಕೂತ, ತುತ್ತು ಮುರಿದ, ಬಾಯಿಗೆ ಒಯ್ಯಲಾಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಎದ್ದು ಬಂದ.

ಭಾಗಮ್ಮನಿಗೆ ಗಂಡು ಕೂಸಾಯಿತು. ತೊಟ್ಟಿಲ ಶಾಸ್ತ್ರ ಮುಗಿಯಿತು. ನಾನು ಮಾವನ ಮುಖ ನೋಡಿದೆ. ಬಾಣಂತನ ಮುಗಿಯಲಿ ಎಂದ. ಬಾಣಂತನ ಮುಗಿದು ಭಾಗಮ್ಮ ಕೂಸು ಎತ್ತಿಕೊಂಡು ಸೇಡಂಗೆ ಹೋದಳು. ಯುಗಾದಿ ಆಗಲಿ ಎಂದ. ಆಮೇಲೆ ಸುಗ್ಗಿ ಆಗಲಿ ಎಂದ. ಅಂಬಾರಾಯ ಊರಲ್ಲಿ ಇರುವಾಗ ಹೇಳುತ್ತೇನೆ ಎಂದ. ಅಂಬಾರಾಯ ಬಂದರೆ ಆತ ಇಲ್ಲದಾಗ ಆಕೆಯೊಬ್ಬಳಿಗೇ ಹೇಳುತ್ತೇನೆ ಎಂದ. ಸುಳ್ಳು ಹೇಳುವವರನ್ನು ನಾನು ಕಂಡಿದ್ದೇನೆ, ಸುಳ್ಳು ಹೇಳಿ ಸುಖವಾಗಿ ಉಂಡು ಮಲಗುತ್ತಾರೆ. ಇವನಿಗೆ ಅದೂ ಬರಲಿಲ್ಲ.

ಬಜಾರಕ್ಕೆ ಹೋಗಲು ಗುರುಲಿಂಗಮ್ಮನ ಮನೆ ಮುಂದಿನ ದಾರಿ ಹತ್ತಿರ. ಮಾವ ಅದನ್ನು ಬಿಟ್ಟು ಮಸೀದಿ ಸುತ್ತಿ ಹೋಗತೊಡಗಿದ. ಆಕೆಯೋ, ಮನೆಯಲ್ಲಿ ಏನು ಮಾಡಿದರೂ ಮೊದಲ ಪಾಲು ಕಾಶಪ್ಪಣ್ಣನಿಗೆ. ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಸೀಗಿ ಹುಣ್ಣಿಮೆಯ ಕಡಬು, ಎಲ್ಲ ಹಿತ್ತಲ ಗೋಡೆಯ ಮೇಲಿಂದ ಬರುತ್ತಿತ್ತು. ಮಾವ ಅದನ್ನು ನನ್ನ ಮುಂದೆ ಸರಿಸಿ ತಾನು ಒಣ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ಆಕೆ ಕಂಡಕಂಡವರ ಮುಂದೆ ಮಾವನನ್ನು ಹೊಗಳುತ್ತಿದ್ದಳು. ಯಾರಾದರೂ ಆ ಮಾತನ್ನು ತಂದು ಮಾವನಿಗೆ ಹೇಳಿದರೆ ಆತನ ಕಿವಿ ಕೆಂಪಾಗುತ್ತಿದ್ದವು. ನಾಚಿಕೆಯ ಮನುಷ್ಯ ಎಂದು ಜನ ಇನ್ನಷ್ಟು ಮೆಚ್ಚುತ್ತಿದ್ದರು. ಹಣೆಬರಹ!

ಹಳತು ಮಾಡುವ ಕೆಲಸವನ್ನು ಆತ ಬಿಟ್ಟೇಬಿಟ್ಟ. ಹೈದರಾಬಾದಿನಿಂದ ರೈಲು ಹತ್ತಿ ಬರುತ್ತಿದ್ದ ವ್ಯಾಪಾರಿಯನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದ. ಕಣ್ಣು ಕುಕ್ಕುವ ಹೊಸ ಬಣ್ಣ ಬೇಕಾದರೆ ಬಳಿದುಕೊಡುತ್ತೇನೆ, ಬೇರೆ ಕೇಳಬೇಡಿ ಎನ್ನುತ್ತಿದ್ದ. ಅಳಲೆಕಾಯಿ, ಮೊಳೆಯ ಗಡಿಗೆಗಳನ್ನು ಹಿತ್ತಲಲ್ಲಿ ಒಡೆದು ಹಾಕಿದ. ಮನೆಯ ಹುಳಿ ನಾತ ಹೋಯಿತು. ನಾನು ಎಷ್ಟೋ ವರ್ಷ ಬೈದು ಬೈದು ಹೋಗಲಾಡಿಸದ ನಾತ ಅದು. ಹೋದಾಗ ನನಗೇನೂ ಖುಷಿಯಾಗಲಿಲ್ಲ.

ಅಮಾಸೆ ಬಂದರೆ ಮಾವ ಉಪವಾಸ. ನಾನು ಮಗನನ್ನು ಅಂದು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅವನಿಗೆ ಒಂದು ಸಣ್ಣ ಕೆಮ್ಮು ಬಂದರೂ ಮಾವ ಹಾಸಿಗೆಯ ಹತ್ತಿರ ಕೂತುಬಿಡುತ್ತಿದ್ದ, ಅಂಗಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಒಮ್ಮೆ ದಡಾರ ಎದ್ದು ಮಗ ಕಣ್ಣು ತೆರೆಯದೆ ಮಲಗಿದಾಗ ಮಾವ ಗೋಡೆಗೆ ಹಣೆ ಹಚ್ಚಿ ನಿಂತು ಅತ್ತದ್ದನ್ನು ನೋಡಿದೆ. ಈಗಲಾದರೂ ಹೋಗಿ ಹೇಳು ಎಂದೆ. ಕೂಸು ಏಳಲಿ ಎಂದ. ಕೂಸು ಎದ್ದಿತು. ಮಾವ ಹೋಗಲಿಲ್ಲ.

ಹೀಗೆಯೇ ವರ್ಷಗಳು ಕಳೆದವು. ದೊಡ್ಡ ಲಡಾಯಿ ಶುರುವಾಗಿ ಸೀಮೆಎಣ್ಣೆ ಸಿಗದಂತಾಯಿತು. ನನ್ನ ಮಗನ ಹಾಲುಹಲ್ಲು ಬಿದ್ದು ಹೊಸವು ಬರತೊಡಗಿದವು. ಆ ಹೊತ್ತಿಗೆ ಭಾಗಮ್ಮನಿಗೆ ಎರಡನೆಯದು ನಿಂತಿತು. ಎರಡನೆಯ ಹೆರಿಗೆ ಗಂಡನ ಮನೆಯಲ್ಲಿ. ಆಕೆ ಸೇಡಂದಿಂದ ಬಂಡಿ ಕಟ್ಟಿಸಿಕೊಂಡು ತವರಿಗೆ ಬಂದಳು, ತೊಟ್ಟಿಲು ಒಯ್ಯಲು. ಅತ್ತೆಯ ಮನೆಯಲ್ಲಿ ಮೊದಲ ಮಗನನ್ನು ಸೀರೆಯ ಜೋಳಿಗೆಯಲ್ಲಿ ಹಾಕಿದ್ದಕ್ಕೇ ಮಾತು ಕೇಳಿದ್ದಳಂತೆ: ತವರಿನಲ್ಲಿ ಅಂಥ ತೊಟ್ಟಿಲಿದ್ದೂ ಮಗಳಿಗೆ ಕೊಡದ ತಾಯಿ ಎಂದು.

ಗುರುಲಿಂಗಮ್ಮ ಕೊಡಲಿಲ್ಲ. ಹೊಸದು ಮಾಡಿಸಿ ಕೊಡುತ್ತೇನೆ, ಬೆಳ್ಳಿಯ ಗೆಜ್ಜೆ ಕಟ್ಟಿಸಿ ಕೊಡುತ್ತೇನೆ, ಇದನ್ನು ಮಾತ್ರ ಕೇಳಬೇಡ ಎಂದಳು. ಮಾತಿಗೆ ಮಾತು ಬೆಳೆಯಿತು. ಹಿತ್ತಲಲ್ಲಿ ನಿಂತ ನನಗೂ ಮಾವನಿಗೂ ಪ್ರತಿಯೊಂದು ಕೇಳುತ್ತಿತ್ತು.

"ಇದ್ದ ಮಗಳಿಗಿಂತ ಆ ಗುರ್ತು ಹೆಚ್ಚಾತೇನವ್ವ ನಿನಗ?" ಎಂದಳು ಭಾಗಮ್ಮ.

"ಅದು ಗುರ್ತಲ್ಲ. ನಿನ್ನ ತಮ್ಮ," ಎಂದಳು ತಾಯಿ.

ಭಾಗಮ್ಮ ನೀರೂ ಮುಟ್ಟದೆ ಬಂಡಿ ಹತ್ತಿದಳು. ತುಂಬಿದ ಬಸುರಿ, ಬಿಸಿಲು ನೆತ್ತಿಯ ಮೇಲೆ. ಗುರುಲಿಂಗಮ್ಮ ಬಾಗಿಲಲ್ಲಿ ನಿಂತೇ ಇದ್ದಳು, ಕೂಗಿ ಕರೆಯಲಿಲ್ಲ. ಮುಂದೆ ಸೇಡಂದಿಂದ ಬಂದವರೊಬ್ಬರು ಹೆಣ್ಣು ಕೂಸಾಗಿದೆ ಎಂದು ಹೇಳಿ, ತವರಿನವರು ಯಾರೂ ಬರುವುದು ಬೇಡವಂತೆ ಎಂದೂ ಹೇಳಿ ಹೋದರು. ಗುರುಲಿಂಗಮ್ಮ ಹೋಗಲಿಲ್ಲ. ಬಳಲಿದಳು, ಸೊರಗಿದಳು, ತೊಟ್ಟಿಲ ಮುಂದೆ ಕೂಡುವ ಹೊತ್ತು ಹೆಚ್ಚಾಯಿತು. ಹುಟ್ಟಿದ ಮೊಮ್ಮಗಳ ಮುಖ ನೋಡದೆ ಆಕೆ ಕೂತದ್ದು ಯಾವುದರ ಮುಂದೆ? ಹುಣಸೆ ಬೀಜದ ಗಂಜಿಯ ಮುಂದೆ!

ಮಾವನಿಗೆ ಇದು ತಡೆಯದಾಯಿತು. ಒಂದು ಬೆಳಿಗ್ಗೆ ಜಳಕ ಮಾಡಿ, ತೊಳೆದ ಧೋತರ ಉಟ್ಟು, ನೀನೂ ಬಾ ಎಂದ. ಮಗನನ್ನೂ ಕರೆದುಕೋ ಎಂದ. ನಾನು ಯಾಕೆ ಎಂದು ಕೇಳಲಿಲ್ಲ. ಇಷ್ಟು ವರ್ಷ ಹೇಳು ಹೇಳು ಎಂದು ಅವನ ಜೀವ ತಿಂದವಳು ನಾನು, ಆ ಗಳಿಗೆಯಲ್ಲಿ ನನಗೇ ಹೋಗುವುದು ಬೇಡವೆನಿಸಿತು.

ಗುರುಲಿಂಗಮ್ಮ ನಮ್ಮನ್ನು ಕಂಡು ಹಿಗ್ಗಿದಳು. ಬರ್ರಿ, ಕುಂದ್ರಿ, ಕಾಶಪ್ಪಣ್ಣ ನಮ್ಮ ಮನೆಯ ದಾರಿಯನ್ನೇ ಮರೆತುಬಿಟ್ಟರು ಎಂದುಕೊಂಡಿದ್ದೆ ಎಂದು ಚಾಪೆ ಹಾಸಿದಳು. ಮಗನ ಕೈಗೆ ಬೆಲ್ಲದ ಚೂರು ಕೊಟ್ಟಳು. ಮಾವ ಕೂಡಲಿಲ್ಲ. ಪಡಸಾಲೆಯ ಕಂಬ ಹಿಡಿದು ನಿಂತು, ಸವಳು ನೀರಿನಿಂದ ಹಿಡಿದು ಎಲ್ಲ ಹೇಳಿದ. ನಡುವೆ ತಡೆಯಲಿಲ್ಲ, ತನ್ನ ಪರವಾಗಿ ಒಂದು ಮಾತೂ ಸೇರಿಸಲಿಲ್ಲ. ಆಕೆ ಮೊದಮೊದಲು ನಗುಮುಖದಿಂದಲೇ ಕೇಳುತ್ತಿದ್ದಳು, ಇದೇನೋ ಬೇರೆ ಯಾರದೋ ಕಥೆ ಎಂಬಂತೆ. ಆಮೇಲೆ ಎದ್ದು ತೊಟ್ಟಿಲ ಹತ್ತಿರ ಹೋದಳು. ಹೆಬ್ಬೆರಳು ಎತ್ತಿದಳು, ಇಡಲಿಲ್ಲ.

ಹಾಗಾದರೆ ಇವು ಯಾರ ಹಲ್ಲು ಎಂದು ಕೇಳಿದಳು.

ಮಾವ ನನ್ನ ಮಗನ ತಲೆಯ ಮೇಲೆ ಕೈ ಇಟ್ಟ.

ಆಕೆ ನನ್ನ ಮಗನನ್ನು ನೋಡಿದಳು. ಅವನ ಬಾಯಲ್ಲಿ ಬೆಲ್ಲ ಇತ್ತು. ಆಕೆ ಪಟ್ಟಿಯ ಮೇಲೆ ಬಾಗಿದಳು. ಸೆರಗಿನ ತುದಿಯಿಂದ ಆ ಕಚ್ಚಿನೊಳಗಿನ ಅರಿಷಿಣವನ್ನು ತಿಕ್ಕಿ ತಿಕ್ಕಿ ಒರೆಸತೊಡಗಿದಳು. ಬಾಗಿದ ತಲೆ ಎತ್ತದೆ, ಇಷ್ಟು ಅಮಾಸೆ ಜೀವಂತ ಕೂಸಿನ ಮುಂದೆ ಎಡೆ ಇಟ್ಟೆನಲ್ಲ, ಬಸ್ಸಮ್ಮ, ನಿನಗೂ ಗೊತ್ತಿತ್ತೇನು, ಕೂಸಿಗೆ ಏನೂ ಆಗಿಲ್ಲ ಹೌದಲ್ಲ, ಏನೂ ಆಗಿಲ್ಲ ಹೌದಲ್ಲ ಎಂದು ಕೇಳುತ್ತಲೇ ಇದ್ದಳು. ಏನೂ ಆಗಿಲ್ಲವ್ವ, ಗಟ್ಟಿಯಾಗಿದ್ದಾನೆ ಎಂದೆ. ಆಕೆ ಎದ್ದು ಬಂದು ಮಗನ ಮುಖ ಸವರಿ, ದೃಷ್ಟಿ ಹೋಗಲೆಂದು ನೆಟಿಗೆ ಮುರಿದಳು. ತನಗೆ ಆದ ಮೋಸವನ್ನು ಬಿಟ್ಟು ನನ್ನ ಮಗನ ಬಗ್ಗೆ ಅಂಜಿದ್ದಳು ಆ ತಾಯಿ. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಆಮೇಲೆ ಮಾವನ ಕಡೆ ತಿರುಗಿದಳು. ಶಾಪ ಹಾಕುತ್ತಾಳೆ ಎಂದುಕೊಂಡೆ. ಮಾವನೂ ಅದಕ್ಕೇ ತಯಾರಾಗಿ ನಿಂತಿದ್ದ. ಹಾಕಿದ್ದರೆ ಆತನಿಗೆ ಹಗುರಾಗುತ್ತಿತ್ತು.

"ಅವತ್ತೇ ಬಂದು ಹೇಳಿದ್ರ," ಎಂದಳು ಸಣ್ಣ ದನಿಯಲ್ಲಿ, "ನನ್ನ ಕೂಸು ಹೋತು ಅಂತ ನಾ ಅವತ್ತೇ ಅತ್ತು ಬಿಡ್ತಿದ್ದೆ, ಕಾಶಪ್ಪಣ್ಣ. ಅಳಾಕ ಸೈತ ಬಿಡಲಿಲ್ಲ ನೀವು ನನಗ."

ಹಾಗೆಂದವಳು ಅಲ್ಲೇ ನೆಲಕ್ಕೆ ಕೂತಳು. ಮೊದಲು ಒಂದು ಬಿಕ್ಕು ಬಂತು. ಆಮೇಲೆ ಅವಳ ಬಾಯಿಂದ ಬಂದ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ಕಂದಾ, ನನ್ನ ಚೆನ್ನಬಸಾ ಎಂದು ಹಾಡಿ ಹಾಡಿ ಅತ್ತಳು. ಅವನ ಹಲ್ಲು, ಅವನ ನಡೆ, ಜ್ವರದಲ್ಲಿ ಅವನು ನೀರು ಬೇಡಿದ್ದು, ಮಣ್ಣಿಗೆ ಹಾಕಿದ ಅಂಗಿಯ ಬಣ್ಣ, ಒಂದೊಂದನ್ನೂ ಕರೆದು ಕರೆದು ಅತ್ತಳು. ಹೆಣದ ಮುಂದೆ ಕೂತು ಅಳುವ ಅಳು ಅದು. ಕೂಸು ಸತ್ತಾಗ ಅಳದೇ ಉಳಿಸಿಕೊಂಡದ್ದನ್ನೆಲ್ಲ ಅಂದು ತೆಗೆದಳು. ನಾನು ಹೋಗಿ ಅವಳ ಬೆನ್ನು ಹಿಡಿದು ಕೂತೆ, ನನಗೂ ಅಳು ತಡೆಯಲಿಲ್ಲ.

ಮಾವ ಹೊರಗೆ ಬಾಗಿಲಲ್ಲಿ ಹೋಗಿ ನಿಂತ. ಒಳಗೆ ಬರುವ ಧೈರ್ಯ ಇರಲಿಲ್ಲ, ಬಿಟ್ಟು ಹೋಗುವ ಧೈರ್ಯವೂ ಇರಲಿಲ್ಲ. ಅಳು ಕೇಳಿ ಓಣಿಯ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ಓಡಿ ಬಂದರು. ಎದುರು ಮನೆಯ ಪೀರಮ್ಮ ಎಲ್ಲರಿಗಿಂತ ಮುಂದೆ ಇದ್ದಳು. ಅಂಬಾರಾಯನಿಗೇ ಏನೋ ಆಗಿರಬೇಕು ಎಂದುಕೊಂಡೇ ಓಡಿ ಬಂದಿದ್ದಳು. ಮಾವನನ್ನು ಕಂಡು, ಯಾರು ತೀರಿಕೊಂಡರು ಎಂದು ಕೇಳಿದಳು.

"ಚೆನ್ನಬಸ," ಎಂದ ಮಾವ. "ನನ್ನ ಕೈಯಾಗ ಹೋದ."